ಘೋಳ್ ಮೀನಿನ ಹೆಸರು ಹೇಳಿದ ಬೆಳಗು

ಯಾವ ಮೀನು ಎಂಬುದು ಶುಕ್ರವಾರ ಸಂಜೆಯೇ ತೀರ್ಮಾನವಾಗಬೇಕಿತ್ತು. ಪುಣೆಯ ಕಾತ್ರಜದಲ್ಲಿ, ಹೆದ್ದಾರಿಯ ಬಸ್ಸುಗಳ ಹಾರ್ನ್ ಅಡಿಗೆಮನೆಯವರೆಗೂ ಕೇಳಿಸುವ ಒಂದು ಮೂರನೇ ಮಹಡಿಯ ಮನೆ. ಊಟದ ಮೇಜಿನ ಒಂದು ತುದಿಯಲ್ಲಿ ಕಾಕು ರೊಟ್ಟಿ, ಮೊಸರು, ಶೇಂಗಾ ಚಟ್ನಿ ಜೋಡಿಸುತ್ತಿದ್ದರೆ, ಇನ್ನೊಂದು ತುದಿಯಲ್ಲಿ ಕಾಕಾ ಗಾಳ, ಸೀಸದ ಗುಂಡು, ದಾರದ ರೀಲು ಹರಡಿಕೊಂಡು ಕೂತಿರುತ್ತಿದ್ದರು. ಮೀನಿನ ಹೆಸರು ಇತ್ಯರ್ಥವಾಗದೆ ಅವರು ಒಂದು ಗಾಳವನ್ನೂ ಕಟ್ಟುತ್ತಿರಲಿಲ್ಲ.

ಕಾಕಾ, ಅವರ ಹೆಂಡತಿ ಕಾಕು, ಇಬ್ಬರೂ ನನ್ನ ಸಂಬಂಧಿಕರಲ್ಲ. ಬೆಳಗಾವಿ ಕಡೆಯವರು. ಕಾಕಾ ಇಡೀ ನೌಕರಿಯನ್ನು ದೇಹೂ ರೋಡಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಕಳೆದು ನಿವೃತ್ತರಾದವರು. ನಾನು ತುಮಕೂರಿನ ಕಡೆಯವಳು. ಕಾರು ತಯಾರಿಸುವ ಒಂದು ಕಂಪನಿಯಲ್ಲಿ ಸದ್ದು ಪರೀಕ್ಷಿಸುವುದು ನನ್ನ ಕೆಲಸ. ಬಾಗಿಲು ಎಲ್ಲಿ ಕಟಕಟ ಅನ್ನುತ್ತದೆ, ಯಾವ ವೇಗದಲ್ಲಿ ಸೀಟಿನ ಕೆಳಗೆ ಗುಂಯ್‌ಗುಡುತ್ತದೆ ಎಂದು ದಿನವಿಡೀ ಮುಚ್ಚಿದ ಕೋಣೆಯಲ್ಲಿ ಕೂತು ಕೇಳಬೇಕು. ಆ ಕಿವಿಗಳಿಗೆ ವಿಶ್ರಾಂತಿ ಬೇಕೆಂದು ರಜೆಯ ದಿನ ಊರ ಹೊರಗಿನ ಅಣೆಕಟ್ಟೆಯ ಹಿನ್ನೀರಿಗೆ ಹೋಗಿ ಕಯಾಕ್ ನಡೆಸುವುದನ್ನು ಕಲಿತೆ. ಒಂದು ದಿನ ಕಯಾಕ್ ಕೆಸರಿನಲ್ಲಿ ಸಿಕ್ಕಿಕೊಂಡು, ನಾನು ಅದನ್ನು ನನ್ನ ಭಾಷೆಯಲ್ಲೇ ಬೈಯುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಕನ್ನಡದಾಗ ಬೈದ್ರ ಅದಕ್ಕ ತಿಳೀತದೇನವಾ? ಮರಾಠಿಯೊಳಗ ಬೈದು ನೋಡು."

ಕಾಕಾ ಪರಿಚಯವಾದದ್ದು ಹಾಗೆ. ಹಿನ್ನೀರು ಅವರಿಗೆ ಬರೀ ತಾಲೀಮು. ಚಳಿಗಾಲ ಬಂತೆಂದರೆ ಎರಡು ಪ್ಲಾಸ್ಟಿಕ್ ಕಯಾಕ್‌ಗಳನ್ನು ಕಾರಿನ ತಲೆಯ ಮೇಲೆ ಕಟ್ಟಿ, ಘಾಟಿ ಇಳಿದು, ಕೊಂಕಣದ ಒಂದು ಸಣ್ಣ ಊರಿನ ದಂಡೆಗೆ ಹೋಗಿ ಸಮುದ್ರಕ್ಕೆ ಇಳಿಯುತ್ತಿದ್ದರು. ಅವರ ಕಣ್ಣಿಗೆ ಪೊರೆ ಬರತೊಡಗಿದ ಮೇಲೆ ಘಾಟಿಯಲ್ಲಿ ಕಾರು ಓಡಿಸುವವಳು ನಾನಾದೆ. ಎರಡನೇ ಕಯಾಕ್ ಕೂಡ ನನ್ನದಾಯಿತು. ಅದಕ್ಕೆ ಮುಂಚೆ ಅದು ಯಾರದಾಗಿತ್ತು ಎಂದು ನಾನು ಬಹಳ ದಿನ ಕೇಳಲಿಲ್ಲ.

ಸಮುದ್ರದಲ್ಲಿ ಕಯಾಕ್ ಎಂದರೆ ದೋಣಿಯಲ್ಲ. ಅದರ ಮೇಲೆ ಕಾಲು ಚಾಚಿ ಕೂತರೆ ನಿಮ್ಮ ಸೊಂಟ ನೀರಿನ ಮಟ್ಟದಲ್ಲೇ ಇರುತ್ತದೆ. ಮೀನು ಜಗ್ಗಿದರೆ ಕಯಾಕ್ ತಿರುಗುತ್ತದೆ, ನೀವೂ ತಿರುಗುತ್ತೀರಿ. ಹಿಡಿದ ಮೀನನ್ನು ಇಡಲು ಜಾಗವಿಲ್ಲ, ಅದು ಬರುವುದು ನಿಮ್ಮ ತೊಡೆಯ ಮೇಲಕ್ಕೇ. ಆದ್ದರಿಂದ ಕಾಕಾ ಹೇಳುತ್ತಿದ್ದರು: "ಮಡಿಲಾಗ ಕೂಡಿಸ್ಕೊಳ್ಳಾಕ ಆಗದ ಮೀನಿನ ಹೆಸರ ತಗೀಬಾರದು."

ಸುರ್ಮಯಿ ಬೇಕೆಂದರೆ ದಂಡೆ ಮಸುಕಾಗುವಷ್ಟು ದೂರ ಹೋಗಬೇಕು, ನಕಲಿ ಮೀನನ್ನು ಹಿಂದೆ ಎಳೆಯುತ್ತ ಒಂದೇ ಸಮನೆ ಹುಟ್ಟು ಹಾಕಬೇಕು. ಸಿಕ್ಕಿತೆಂದರೆ ರೀಲು ಚೀರುತ್ತದೆ, ತೊಡೆಯ ಮೇಲೆ ಬಂದಾಗ ಹಲ್ಲುಗಳಿರುತ್ತವೆ. ಜಿತಾಡಾ, ಸಮುದ್ರ ನೆಲದೊಳಗೆ ಚಾಚಿದ ಖಾಡಿಯ ಬಾಯಲ್ಲಿ, ಭರತದ ಕೆಸರುನೀರಿನೊಂದಿಗೆ ಒಳಗೆ ಬರುವ ಮೀನು. ಅಲ್ಲಿ ಅಪಾಯ ಕಡಿಮೆ, ತಾಳ್ಮೆ ಹೆಚ್ಚು ಬೇಕು. ತಾಂಬೂಸಾ ಎಂಬ ಕೆಂಪು ಮೀನು ಬಂಡೆಯ ನೆರಳಿನಲ್ಲಿ, ನೀರಿನ ತಳದಲ್ಲಿ ಇರುತ್ತದೆ. ಅದಕ್ಕೆ ಬಂಡೆಯ ಪಕ್ಕದಲ್ಲೇ ನಿಂತು ದಾರ ಇಳಿಬಿಟ್ಟು ಕಾಯಬೇಕು. ಹೆಕ್ರು ತನ್ನ ಪೊಟರೆ ಬಿಟ್ಟು ಬರುವುದಿಲ್ಲ. ಒಂದು ಸಲ ಕಲ್ಲಿನೊಳಗೆ ನುಗ್ಗಿತೆಂದರೆ ಗಾಳವೂ ಅದರದ್ದೇ.

ಹೀಗೆ ಒಂದೊಂದು ಮೀನಿಗೆ ಒಂದೊಂದು ಜಾಗ, ಒಂದೊಂದು ಹೊತ್ತು. ಕಾಕಾ ಒಂದನ್ನು ಆರಿಸಿ, ದಂಡೆಯಲ್ಲಿ ಕಯಾಕ್ ನೀರಿಗೆ ತಳ್ಳುವ ಮೊದಲು ಅದರ ಹೆಸರನ್ನು ಕಾಕುಗೆ ಗಟ್ಟಿಯಾಗಿ ಹೇಳುತ್ತಿದ್ದರು. ಕಾಕು ಮೊಟ್ಟೆ ಕೂಡ ಮುಟ್ಟದವರು. ಆದರೂ ಪ್ರತಿ ಸಲ ನಮ್ಮೊಂದಿಗೆ ಬಂದು, ಸುರಗಿ ಮರದ ಕೆಳಗೆ ಚಾಪೆ ಹಾಸಿ, ಚಹಾದ ಥರ್ಮಾಸ್ ಇಟ್ಟುಕೊಂಡು ಕೂರುತ್ತಿದ್ದರು. ಯಾವ ಮೀನು ಯಾವ ಕಲ್ಲಿನ ಬಳಿ ಇರುತ್ತದೆ ಎಂಬುದು ಅವರಿಗೆ ಬಾಯಿಪಾಠ.

"ಇದೇನು ಪೂಜೆ ಥರ, ಕಾಕಾ? ಹೇಳದೇ ಹೋದರೆ ಮೀನು ಸಿಗಲ್ವಾ?" ಎಂದು ನಾನು ಮೊದಮೊದಲು ನಗುತ್ತಿದ್ದೆ.

"ಮೀನ ಸಿಗೂದಕ್ಕಲ್ಲವಾ, ನಾವು ಸಿಗೂದಕ್ಕ. ಮೀನಿನ ಹೆಸರ ಹೇಳಿದ್ರ ನಮ್ಮ ಜಾಗಾ ಹೇಳಿದಂಗ. ನಾಳೆ ನೀ ತಿರುಗಿ ಬರಲಿಲ್ಲಂದ್ರ ನಿನ್ನ ಎಲ್ಲಿ ಹುಡಕೂದು ಅನ್ನೂದು ಇಕಿಗೆ ಗೊತ್ತಿರಬೇಕು."

ಇಂಥದೊಂದು ಶುಕ್ರವಾರ ನಾನು ಘೋಳ್ ಎಂದೆ. ಘೋಳ್ ದೊಡ್ಡ ಮೀನು, ಬಂಗಾರದ ಕಂದು ಬಣ್ಣದ್ದು. ಅದು ಸದ್ದು ಮಾಡುತ್ತದೆ ಎಂದು ಎಲ್ಲೋ ಓದಿದ್ದೆ. ಹೊಟ್ಟೆಯೊಳಗೆ ಗಾಳಿ ತುಂಬಿದ ಒಂದು ಚೀಲ, ಅದಕ್ಕೆ ತಾಗಿದ ಸ್ನಾಯು. ಆ ಸ್ನಾಯು ಚೀಲವನ್ನು ಡೋಲಿನಂತೆ ಬಡಿಯುತ್ತದಂತೆ. ನನ್ನ ಕೆಲಸವೇ ಸದ್ದಿನದು, ಕೇಳದೆ ಇರಲು ಹೇಗೆ ಸಾಧ್ಯ?

ಕಾಕಾ ದಾರದ ಸಿಕ್ಕು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು. "ಅದು ಬ್ಯಾಡ. ಬ್ಯಾರೆ ಹೇಳು."

"ಯಾಕೆ ಕಾಕಾ? ತುಂಬಾ ದೊಡ್ಡದಾ?"

"ಬ್ಯಾಡಂದ್ನೆಲ್ಲ." ಮತ್ತೆ ತಲೆ ಎತ್ತಲಿಲ್ಲ. ಆ ಸಲ ಜಿತಾಡಾಕ್ಕೆ ಹೋದೆವು, ಏನೂ ಸಿಗಲಿಲ್ಲ.

ಕಾರಣ ಹೇಳಿದವರು ಕಾಕು. ಮುಂದಿನ ವಾರ ನಾನು ತಟ್ಟೆ ತೊಳೆಯಲು ಹೋದಾಗ, ನಲ್ಲಿ ಜೋರಾಗಿ ಬಿಟ್ಟು, ಕಾಕಾ ಟಿವಿ ಹಾಕುವವರೆಗೆ ಕಾದು ಹೇಳಿದರು.

ಕಾಕಾಗೆ ವರ್ಕ್‌ಶಾಪಿನಲ್ಲಿ ಒಬ್ಬ ಗೆಳೆಯನಿದ್ದ. ವಿಜಯಪುರದ ಕಡೆಯವನು, ವೆಲ್ಡರ್. ಇಬ್ಬರೂ ಕೂಡಿಯೇ ಆ ಕಯಾಕ್‌ಗಳನ್ನು ತಂದದ್ದು. ಒಂದು ಚಳಿಗಾಲ ಇಬ್ಬರೂ ತಾಂಬೂಸಾ ಎಂದು ನಿಶ್ಚಯಿಸಿ ಅದೇ ದಂಡೆಯಿಂದ ಇಳಿದರು. ಆಗ ಕಾಕು ಹೋಗುತ್ತಿರಲಿಲ್ಲ, ದಂಡೆಯಲ್ಲಿ ಯಾರೂ ಇರಲಿಲ್ಲ. ನೀರಿನಲ್ಲಿ ಒಂದು ದೊಡ್ಡ ಬಂಡೆಯಿದೆ. ಕಾಕಾ ಅದರ ಈಚೆ ಬದಿ, ಗೆಳೆಯ ಆಚೆ ಬದಿ. ಒಬ್ಬರಿಗೊಬ್ಬರು ಕಾಣದಿದ್ದಾಗ ಹುಟ್ಟಿನ ಹಿಡಿಯಿಂದ ಕಯಾಕ್‌ಗೆ ಎರಡು ಸಲ ಬಡಿಯುವುದು ಅವರ ವಾಡಿಕೆ. ಇದ್ದೀನಿ ಎಂದು ಅರ್ಥ. ಅಂದು ಬಹಳ ಹೊತ್ತು ಆ ಬಡಿತ ಕೇಳಿಸುತ್ತಲೇ ಇತ್ತು. ಕಾಕಾ ಮರುಬಡಿತ ಕೊಡುತ್ತಲೇ ಇದ್ದರು. ಆಮೇಲೆ ನಾಷ್ಟಾಕ್ಕೆ ಕರೆಯೋಣವೆಂದು ಬಂಡೆ ಸುತ್ತಿ ಹೋದರೆ ಆ ಕಡೆ ಯಾರೂ ಇಲ್ಲ.

"ಅಲ್ಲೇ ಮಧ್ಯಾಹ್ನದ ತನಕ ಸುತ್ತ್ಯಾರವಾ, ಆ ಕಲ್ಲಿನ ಸುತ್ತ. ತಾಂಬೂಸಾ ಅಂದಾನ ಅಂದ್ರ ಅಲ್ಲೇ ಇರಬೇಕಲ್ಲ," ಎಂದರು ಕಾಕು. "ಖರೇ ಅಂದ್ರ ಅಂವ ಅಲ್ಲಿ ಇರಲೇ ಇಲ್ಲ. ಭಾಳ ಆಚೆ ಹೋಗಿದ್ದ."

ಕಯಾಕ್ ಕಂಡದ್ದು ಸಂಜೆಗೆ, ದೂರದ ಆಳನೀರಿನಲ್ಲಿ. ಬಲೆದೋಣಿಯವರು ಮೊದಲು ನೋಡಿ ಹತ್ತಿರ ಹೋಗಲು ಹೆದರಿದ್ದರಂತೆ. ಏಕೆಂದರೆ ಇಳಿತದ ನೀರು ಪಡುವಣಕ್ಕೆ ಎಳೆಯುತ್ತಿದ್ದರೆ, ಮೇಲೆ ಯಾರೂ ಇಲ್ಲದ ಆ ಕಯಾಕ್ ನಿಧಾನವಾಗಿ ದಂಡೆಯ ಕಡೆಗೆ, ಸೆಳೆತಕ್ಕೆ ಎದುರಾಗಿ ಬರುತ್ತಿತ್ತು. ಗಾಳದ ಕೋಲು ತನ್ನ ಹಿಡಿಕೆಯಲ್ಲಿ ನೆಟ್ಟಗೆ ನಿಂತಿತ್ತು, ಅದರ ತುದಿ ಬಾಗಿತ್ತು. ಬಲೆದೋಣಿಯಲ್ಲಿ ಜೊತೆಗೆ ಹೋಗಿದ್ದ ಕಾಕಾ ದಾರ ಕೈಗೆ ತೆಗೆದುಕೊಂಡರು. ಕೆಳಗೆ ಮೀನಿತ್ತು, ಜೀವಂತವಾಗಿತ್ತು. ದಾರದಲ್ಲಿ ಅದರ ಬಡಿತ ಬೆರಳಿಗೆ ತಾಗುತ್ತಿತ್ತಂತೆ. ಕಾಕಾ ಚೂರಿ ತೆಗೆದು ದಾರ ಕತ್ತರಿಸಿಬಿಟ್ಟರು. ಗಾಳದ ಪೆಟ್ಟಿಗೆ ನೋಡಿದ ಬಲೆಯವನು ಹೇಳಿದ, ಇದು ತಾಂಬೂಸಾದ ಕಟ್ಟು ಅಲ್ಲ, ಘೋಳ್‌ನದು ಎಂದು. ಗೆಳೆಯನ ದೇಹ ಸಿಗಲಿಲ್ಲ.

"ಹಂಗಾರ ಕಲ್ಲಿನ ಆಚೆ ಬದೀಯಿಂದ ಬಡದಾವ್ರು ಯಾರು?" ಕಾಕು ನಲ್ಲಿ ನಿಲ್ಲಿಸಿದರು. "ಅದನ್ನ ಇವರು ನನಗ ಕೇಳ್ತಾರ. ನಾ ಏನ್ ಹೇಳ್ಲಿ?"

ಮನೆಗೆ ಬಂದು ನಾನು ಆ ರಾತ್ರಿಯೆಲ್ಲ ಯೋಚಿಸಿದೆ. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ಬೇಗ ಓಡುತ್ತದೆ, ದಿಕ್ಕು ತಿಳಿಯುವುದಿಲ್ಲ. ಪ್ಲಾಸ್ಟಿಕ್ ಕಯಾಕ್ ಒಳಗೆ ಟೊಳ್ಳು. ಕೆಳಗೆ ಘೋಳ್ ಗುಂಪು ಇದ್ದಿದ್ದರೆ ಅದರ ಬಡಿತ ಹುಟ್ಟಿನಿಂದ ಬಡಿದಂತೆಯೇ ಕೇಳಿಸಿರಬಹುದು. ಇದನ್ನು ಕಾಕಾಗೆ ಹೇಳಬೇಕೆಂದು ಹಲವು ಸಲ ಬಾಯಿವರೆಗೆ ಬಂತು. ಹೇಳಿದರೆ, ಗೆಳೆಯನೆಂದುಕೊಂಡು ಇಡೀ ಬೆಳಗು ಮೀನಿಗೆ ಉತ್ತರ ಕೊಡುತ್ತ ಕೂತಿದ್ದಿರಿ ಎಂದು ಹೇಳಿದಂತಾಗುತ್ತಿತ್ತು. ಸುಮ್ಮನಾದೆ. ಆ ಕಯಾಕ್ ಮೇಲೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಕಾರಣ ಕೇಳುತ್ತಿದ್ದರು.

ಅದಾಗಿ ಮತ್ತೊಂದು ಚಳಿಗಾಲ. ದೀಪಾವಳಿ ಮುಗಿದಿತ್ತು. ಶುಕ್ರವಾರ ಊಟದ ಮೇಜಿನಲ್ಲಿ ತಾಂಬೂಸಾ ಎಂದು ತೀರ್ಮಾನವಾಯಿತು. ಕಾಕಾ ಅದಕ್ಕೆ ತಕ್ಕ ಗಾಳವನ್ನೇ ಕಟ್ಟಿದ್ದನ್ನು ನಾನು ನೋಡಿದ್ದೆ. ಶನಿವಾರ ಘಾಟಿ ಇಳಿದು ಆ ಊರಿನ ಒಂದು ಮನೆಯಲ್ಲಿ ಉಳಿದೆವು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ದಂಡೆಯಲ್ಲಿದ್ದೆವು. ಅಂದು ಮಂಜು ಇತ್ತು. ದಟ್ಟವಾದದ್ದೇನಲ್ಲ, ಹಾಲಿಗೆ ನೀರು ಹಾಕಿದಷ್ಟು. ಅಲೆ ಇರಲಿಲ್ಲ. ನೀರು ಎಣ್ಣೆಯ ಹಾಗೆ ಬಂದು ಮರಳು ಮುಟ್ಟಿ ಸದ್ದಿಲ್ಲದೆ ಹಿಂದೆ ಹೋಗುತ್ತಿತ್ತು. ಒಂದು ಹಕ್ಕಿಯೂ ಇರಲಿಲ್ಲ.

ಕಾಕು ಚಾಪೆ ಹಾಸುತ್ತಿದ್ದರು. ಕಾಕಾ ಕಯಾಕ್‌ನ ಹಿಂಬದಿ ಹಿಡಿದು ನಿಂತು ಗಟ್ಟಿಯಾಗಿ ಹೇಳಿದರು.

"ಘೋಳ್."

ಕಾಕು ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿದರು. "ಏನಂದ್ರಿ?"

"ಘೋಳ್ ಅಂದೆ. ಕಲ್ಲು ದಾಟಿ, ಆಚೆ ಆಳದಾಗ."

"ಮೊನ್ನೆ ತಾಂಬೂಸಾ ಅಂದಿದ್ರಿ."

"ಮೊನ್ನೆ ಅಂದಿದ್ದೆ." ಅಷ್ಟೇ ಹೇಳಿ ನೀರಿಗೆ ತಳ್ಳಿಕೊಂಡರು.

ಕಾಕು ಓಡಿ ಬಂದು ನನ್ನ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದರು. "ನೋಡವಾ, ಅವರನ್ನ ಕಣ್ಣಿನ ಮುಂದ ಇಟಗೋ. ಮೀನ ಗೀನ ಬಿಟ್ಟುಬಿಡು. ಅವರ ಬೆನ್ನ ನೋಡ್ಕೋತ ಹೋಗು."

ನಾನು ಅವರ ಬೆನ್ನು ನೋಡುತ್ತಲೇ ಹೋದೆ. ಕಿತ್ತಳೆ ಬಣ್ಣದ ಜಾಕೆಟ್ಟು ಮಂಜಿನಲ್ಲಿ ಒಮ್ಮೆ ತಿಳಿಯಾಗಿ, ಒಮ್ಮೆ ಕಲಸಿದಂತೆ ಕಾಣುತ್ತಿತ್ತು. ಬಂಡೆ ಎಡಕ್ಕೆ ಬಂತು. ಒದ್ದೆ, ಕಪ್ಪು, ಎಮ್ಮೆಯ ಬೆನ್ನಿನ ಹಾಗೆ. ಅದನ್ನು ದಾಟಿದ ಮೇಲೆ ನೀರಿನ ಬಣ್ಣ ಬದಲಾಯಿತು. ದಂಡೆ ಇಲ್ಲವಾಯಿತು.

ಕಾಕಾ ನಿಂತು ದಾರ ಇಳಿಬಿಟ್ಟರು. ನನಗೂ ಹಾಗೆಯೇ ಮಾಡು ಎಂದು ಕೈಸನ್ನೆ ಮಾಡಿದರು. ಬೇಡವೆನ್ನಲು ಆಗಲಿಲ್ಲ. ಸೀಗಡಿ ಚುಚ್ಚಿ ಇಳಿಬಿಟ್ಟೆ, ಕೋಲನ್ನು ಹಿಡಿಕೆಗೆ ಸಿಕ್ಕಿಸಿದೆ.

ಮೊದಲು ಅದು ಸದ್ದಾಗಿ ಬರಲಿಲ್ಲ. ತೊಡೆಯ ಕೆಳಗೆ ಬಂತು. ಯಾರೋ ಕೆಳಗಿನ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರೆ ನೆಲಕ್ಕೆ ತಾಗುತ್ತದಲ್ಲ, ಹಾಗೆ. ಆಮೇಲೆ ಕಿವಿಗೂ ಕೇಳಿಸಿತು. ಗುಡ್, ಗುಡ್. ಸ್ವಲ್ಪ ಬಿಟ್ಟು ಮತ್ತೆ ಗುಡ್, ಗುಡ್. ಎಡಗಡೆಯಿಂದ, ಬಲಗಡೆಯಿಂದ, ನೇರ ಕೆಳಗಿನಿಂದ. ನಾನು ನೌಕರಿಯಲ್ಲಿ ಕೇಳದ ಸದ್ದಿಲ್ಲ ಎಂದುಕೊಂಡಿದ್ದವಳು. ಇದು ಏನೆಂದು ನನಗೆ ಗೊತ್ತಿತ್ತು. ಇದು ಮೀನು, ಇದು ಸ್ನಾಯು, ಇದು ಗಾಳಿಯ ಚೀಲ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ. ಆದರೂ ಕಾಲುಗಳನ್ನು ನೀರಿನ ಅಂಚಿನಿಂದ ಒಳಗೆ ಎಳೆದುಕೊಂಡೆ.

ಕಾಕಾ ಹುಟ್ಟಿನ ಹಿಡಿ ಎತ್ತಿ ತಮ್ಮ ಕಯಾಕ್‌ಗೆ ಎರಡು ಸಲ ಬಡಿದರು.

ಎಲ್ಲ ನಿಂತಿತು. ನೀರಿನಡಿಯ ಅಷ್ಟೂ ಬಡಿತ, ಅಷ್ಟೂ ಕಡೆಯಿಂದ, ಒಟ್ಟಿಗೆ ನಿಂತಿತು. ಆಮೇಲೆ ಒಂದೇ ಕಡೆಯಿಂದ, ಆಚೆ ಆಳದಿಂದ, ಎರಡು ಬಡಿತ.

ಕಾಕಾ ದಾರ ಸುತ್ತಲಿಲ್ಲ. ಅದು ಹಿಂದೆ ಎಳೆದುಕೊಂಡು ಬರುತ್ತಿದ್ದಂತೆಯೇ ಹುಟ್ಟು ಹಾಕತೊಡಗಿದರು, ಆ ಸದ್ದು ಬಂದ ಕಡೆಗೆ.

"ಕಾಕಾ!" ನಾನು ಕೂಗಿದೆ. "ಕಾಕಾ, ಎಲ್ಲಿಗೆ? ನಿಲ್ಲಿ!"

ಅವರು ತಿರುಗಲಿಲ್ಲ. ಸ್ವಲ್ಪ ದೂರ ಹೋಗಿ ಮತ್ತೆ ಎರಡು ಬಡಿದರು. ಮತ್ತೆ ಉತ್ತರ ಬಂತು, ಇನ್ನೂ ಆಚೆಯಿಂದ. ಜಾಕೆಟ್ಟಿನ ಸೀಟಿ ಬಾಯಿಗಿಟ್ಟು ಊದಿದೆ. ಸೀಟಿಯೂ ಮಂಜಿನಲ್ಲಿ ಒದ್ದೆಯಾದ ಹಾಗಿತ್ತು. ಅವರ ಕಿತ್ತಳೆ ಬೆನ್ನು ಬಣ್ಣ ಕಳೆದುಕೊಳ್ಳುತ್ತ ಹೋಗುತ್ತಿತ್ತು. ನಾನು ಹುಟ್ಟು ನೀರಿಗೆ ಹಾಕಿದ್ದೇ ತಡ, ನನ್ನ ಕೋಲು ಬಾಗಿ ನೀರು ಮುಟ್ಟಿತು.

ಮೀನು ಸಿಕ್ಕಿತ್ತು. ಕಯಾಕ್ ತಾನಾಗಿ ತಿರುಗಿತು. ನಾನು ಮುಂದೆ ಹೋಗಬೇಕೆಂದರೆ ಅದು ಹಿಂದಕ್ಕೆ ಎಳೆಯುತ್ತಿತ್ತು, ದಂಡೆಯ ಕಡೆಗೆ. ಹಿಂದೊಮ್ಮೆ ಇದೇ ಕಯಾಕ್ ಹೀಗೆಯೇ, ಮೇಲೆ ಯಾರೂ ಇಲ್ಲದೆ, ಇದೇ ದಿಕ್ಕಿಗೆ ಹೋಗಿತ್ತು ಎಂಬುದು ನೆನಪಾಯಿತು. ದಾರ ಕತ್ತರಿಸಬೇಕಿತ್ತು. ಜಾಕೆಟ್ಟಿನ ಜೇಬಿನಲ್ಲಿ ಚೂರಿಗೆ ತಡಕಾಡಿದೆ, ಸಿಗಲಿಲ್ಲ. ಕಡೆಗೆ ಕೋಲನ್ನೇ ಎರಡೂ ಕೈಯಲ್ಲಿ ಹಿಡಿದು ರೀಲು ಸುತ್ತತೊಡಗಿದೆ. ಮೇಲೆ ತಂದು ಬಿಡಿಸಿಬಿಟ್ಟರೆ ಕಾಕಾ ಹಿಂದೆ ಹೋಗಬಹುದು ಎಂಬುದೊಂದೇ ಯೋಚನೆ.

ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಬಂಗಾರದ ಬಣ್ಣದ ಒಂದು ಪಕ್ಕೆ ನೀರಿನಡಿಯಲ್ಲಿ ಹೊರಳಿತು. ಆಮೇಲೆ ತಲೆ. ಕಿವಿರಿನ ಅಂಚು ಹಿಡಿದು ಎಳೆದಾಗ ಅದು ನನ್ನ ಮಡಿಲಿಗೆ ಬಂತು. ನನ್ನ ತೊಡೆಗಳಿಗಿಂತ ಉದ್ದ, ಮಲಗಿದ ಮಗುವಿನಷ್ಟು ಭಾರ. ಆಳದಿಂದ ಬಂದದ್ದಕ್ಕೆ ಅದರ ಹೊಟ್ಟೆ ಉಬ್ಬಿತ್ತು. ಬಾಯಿ ತೆರೆಯಿತು. ನಾನು ಮುಚ್ಚಿದ ಕೋಣೆಗಳಲ್ಲಿ ಎಂದೂ ಕೇಳಿರದ ಒಂದು ನರಳಾಟ ಅದರ ಹೊಟ್ಟೆಯಿಂದ ಹೊರಟಿತು. ನೀರಿನಲ್ಲಿ ಬಡಿತವಾಗಿದ್ದದ್ದು ಗಾಳಿಯಲ್ಲಿ ನರಳಿಕೆಯಾಗಿತ್ತು. ಜ್ವರ ಬಂದ ಗಂಡಸೊಬ್ಬ ನಿದ್ದೆಯಲ್ಲಿ ಮಗ್ಗುಲಾಗುವಾಗ ಮಾಡುವ ಸದ್ದು. ಉದ್ದನೆಯ, ಒಡಕು ಸದ್ದು. ಅದು ನೀರಿನ ಮೇಲೆ ಸಾಗಿಹೋಯಿತು.

ನಾನು ಕೂಗಿದಾಗ ತಿರುಗದಿದ್ದ ಕಾಕಾ ಅದಕ್ಕೆ ತಿರುಗಿದರು.

ಮಂಜಿನೊಳಗೆ ಹುಟ್ಟಿನ ಸದ್ದು ಹತ್ತಿರವಾಯಿತು. ಅವರ ಮುಖ ಕಂಡಾಗ ನನಗೆ ಗುರುತೇ ಸಿಗಲಿಲ್ಲ. ಕಣ್ಣುಗಳು ಅಗಲವಾಗಿದ್ದವು, ತುಟಿಗಳು ಏನೋ ಹೇಳಲು ಹೊರಟು ನಿಂತಂತಿದ್ದವು. ಕಯಾಕ್ ನನ್ನದಕ್ಕೆ ತಾಗಿಸಿ, ಮೀನಿನ ಉಬ್ಬಿದ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಮೀನು ಮತ್ತೆ ನರಳಿತು. ಅಂಗೈಯೊಳಗೆ ಅದು ಬಡಿಯುವುದು ನನಗೂ ಕಾಣುತ್ತಿತ್ತು.

"ಇದಾ?" ಎಂದರು. "ಇದಾ ಏನು?"

"ಹೌದು ಕಾಕಾ. ಇದೇ. ಮೀನು ಇದು."

"ಅವತ್ತ ಕಲ್ಲಿನ ಆಚೆಗೆ..."

"ಇದೇ ಇರಬೇಕು, ಕಾಕಾ."

ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಅಳತೊಡಗಿದರು. ಅಳುತ್ತಲೇ ಗಾಳ ಬಿಡಿಸಿದರು, ಹೊಟ್ಟೆಯ ಗಾಳಿ ಇಳಿಯುವಂತೆ ಮೆಲ್ಲಗೆ ಒತ್ತಿದರು, ಇಬ್ಬರೂ ಸೇರಿ ಅದನ್ನು ನೀರಿಗೆ ಇಳಿಸಿದೆವು. ಸ್ವಲ್ಪ ಹೊತ್ತು ಪಕ್ಕೆ ಮೇಲಾಗಿ ತೇಲಿತು. ಬದುಕುವುದಿಲ್ಲ ಎಂದುಕೊಂಡೆ. ಬಾಲ ಒಮ್ಮೆ ಅಲುಗಿತು, ನೀರು ಬಿರಿಯಿತು, ಹೋಯಿತು. ಮತ್ತೆ ಕೆಳಗಿನಿಂದ ಬಡಿತ ಬರಲಿಲ್ಲ.

"ಅಂವ ಕರೀಲಿಕ್ಕೆ ಹತ್ಯಾನ ಅಂತ ತಿಳಕೊಂಡಿದ್ದೆ," ಎಂದರು ಕಾಕಾ. "ಇಷ್ಟ ವರ್ಷ. ಪ್ರತಿ ಸಲ ಕಲ್ಲಿನ ಹತ್ರ ಬಂದಾಗ ಕೇಳತಿತ್ತು. ನಿನಗ ಹೇಳಿಲ್ಲ. ಇಕಿಗೂ ಹೇಳಿಲ್ಲ. ಇವತ್ತ ಹೋಗಿ ನೋಡೇಬಿಡೂನು ಅನಿಸ್ತು."

ನಾವು ಹಿಂದಿರುಗಿದೆವು. ನಾನು ಅವರನ್ನು ಮುಂದೆ ಬಿಟ್ಟು ಹಿಂದೆ ಬಂದೆ. ಮಂಜು ಹರಿಯತೊಡಗಿತ್ತು, ಬಂಡೆ ಹಿಂದೆ ಸರಿಯಿತು, ದಂಡೆಯ ತೆಂಗುಗಳು ಕಂಡವು. ಕಾಕು ಮೊಣಕಾಲುಮಟ್ಟ ನೀರಿನಲ್ಲಿ ಬಂದು ನಿಂತಿದ್ದರು. ನನ್ನ ಕಯಾಕ್‌ನ ಕೆಳಗೆ ಮರಳಿನ ತಳ ಕಾಣುತ್ತಿತ್ತು. ಅಷ್ಟು ತಿಳಿ, ಅಷ್ಟು ಕಡಿಮೆ ನೀರು. ಒಂದು ಏಡಿ ಓಡಿದ್ದೂ ಕಂಡಿತು. ಅಂಥ ನೀರಿಗೆ ಘೋಳ್ ಬರುವುದಿಲ್ಲ. ಯಾವ ದೊಡ್ಡ ಮೀನೂ ಬರುವುದಿಲ್ಲ.

ಅಲ್ಲಿ, ನಾನು ಕೂತ ಜಾಗದ ಸರಿ ಕೆಳಗೆ, ಎರಡು ಸಲ ಬಡಿದ ಸದ್ದಾಯಿತು.

ನನ್ನ ಹುಟ್ಟು ಗಾಳಿಯಲ್ಲಿತ್ತು. ಎರಡೂ ಕೈಗಳು ಅದರ ಮೇಲಿದ್ದವು. ಬಗ್ಗಿ ನೋಡಿದೆ. ಮರಳು, ನನ್ನದೇ ಬಿಂಬ, ಮತ್ತೇನೂ ಇಲ್ಲ.

ಮುಂದಿದ್ದ ಕಾಕಾ ಹುಟ್ಟು ನಿಲ್ಲಿಸಿ, ತಿರುಗದೆಯೇ ಕೇಳಿದರು. "ನೀ ಬಡದ್ಯಾ?"

"ಹೌದು ಕಾಕಾ," ಎಂದೆ. "ನಾನೇ. ಇದ್ದೀನಿ ಅಂತ."

"ಹಂ," ಎಂದು ಮತ್ತೆ ಹುಟ್ಟು ಹಾಕಿದರು. ದಂಡೆ ಮುಟ್ಟಿದಾಗ ಕಾಕು ಅವರ ಕಯಾಕ್‌ನ ಮೂತಿ ಹಿಡಿದು ಮರಳಿಗೆ ಎಳೆದರು. ಗಂಡನ ಒದ್ದೆ ಜಾಕೆಟ್ಟನ್ನು ಬಿಚ್ಚಿ, ಟವೆಲಿನಿಂದ ಮಗುವಿಗೆ ಮಾಡುವಂತೆ ತಲೆ ಒರೆಸಿದರು. ನಾನು ಕಯಾಕನ್ನು ಮರಳಿಗೆ ಎಳೆದು ಮಗುಚಿ ಹಾಕಿ, ತಳವನ್ನೆಲ್ಲ ಕೈಯಾಡಿಸಿ ನೋಡಿದೆ. ಕಲ್ಲು ತಾಗಿದ ಗುರುತೂ ಇರಲಿಲ್ಲ. ತಾಪಕ್ಕೆ ಪ್ಲಾಸ್ಟಿಕ್ ಹಿಗ್ಗಿದರೆ ಟಕ್ ಎನ್ನುತ್ತದೆ, ನನಗೆ ಗೊತ್ತು. ಆದರೆ ಮಂಜಿನಿಂದ ಬಿಸಿಲು ಇನ್ನೂ ಬಿದ್ದಿರಲಿಲ್ಲ. ಈ ಸಂಗತಿಯನ್ನು ಅವರಿಬ್ಬರಿಗೂ ನಾನು ಇಂದಿನವರೆಗೆ ಹೇಳಿಲ್ಲ.

ಘಾಟಿ ಹತ್ತುವಾಗ ಕಾಕಾ ಹೇಳಿದರು: "ಶಿರೂರಿಗೆ ಹೋಗಬೇಕು."

ಗೆಳೆಯನ ಹೆಂಡತಿ ಪುಣೆಯ ಆಚೆಯ ಶಿರೂರಿನಲ್ಲಿ ತಮ್ಮನ ಮನೆಯ ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ತಿಥಿ ಮುಗಿದ ಮೇಲೆ ಕಾಕಾ ಆ ಕಡೆ ತಲೆ ಹಾಕಿರಲಿಲ್ಲ. ಮುಂದಿನ ಭಾನುವಾರ ನಾನೇ ಕಾರು ಓಡಿಸಿದೆ. ಬಾಗಿಲು ತೆರೆದ ಹೆಂಗಸಿಗೆ ನಾನು ಯಾರೆಂದು ತಿಳಿಯಲಿಲ್ಲ, ಕಾಕಾ ಯಾರೆಂದು ತಿಳಿಯಲು ಕ್ಷಣ ಹಿಡಿಯಿತು. ಆಮೇಲೆ ಸೆರಗು ಸರಿಮಾಡಿಕೊಂಡು, "ಬರ್ರಿ ಭಾವೂ, ಒಳಗ ಬರ್ರಿ," ಎಂದರು.

ಬಟ್ಟೆಯ ತುಂಡುಗಳ ನಡುವೆ ಕೂತು ಚಹಾ ಕುಡಿದೆವು. ಕಾಕಾ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು, ಅಂದು ತಾಂಬೂಸಾ ಎಂದು ಹೊರಟದ್ದು, ಬಂಡೆಯ ಸುತ್ತ ಹುಡುಕಿದ್ದು, ಅವನು ತಮಗೆ ತಿಳಿಸದೆ ಬೇರೆ ಮೀನಿನ ಹಿಂದೆ ಹೋಗಿದ್ದು, ಎಲ್ಲ ಹೇಳಿದರು.

"ಘೋಳ್," ಎಂದರು ಆಕೆ, ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಮಡಿಸುತ್ತ. "ನನಗ ಹೇಳಿದ್ದರು. ಮುಂಜಾನೆ ಫೋನ್ ಮಾಡಿ, ಇವತ್ತ ಘೋಳ್ ಹಿಡಿತೀನಿ, ಅವನಿಗೆ ಹೇಳಿಲ್ಲ, ತಂದು ತೋರಿಸಿ ಹೌಹಾರಿಸ್ತೀನಿ ಅಂದಿದ್ದರು. ನಕ್ಕಿದ್ದರು."

ಕಾಕಾ ತಲೆ ಎತ್ತಿದರು. "ನಿಮಗ ಗೊತ್ತಿತ್ತಾ?"

"ಗೊತ್ತಿತ್ತರಿ. ಯಾರೂ ಕೇಳಲಿಲ್ಲ. ಪೊಲೀಸ್ರು ಊರು ಕೇಳಿದ್ರು, ವಯಸ್ಸು ಕೇಳಿದ್ರು, ಕುಡಿತಿದ್ರೇನು ಅಂತ ಕೇಳಿದ್ರು. ಯಾವ ಮೀನು ಅಂತ ಯಾರ ಕೇಳ್ತಾರ್ರಿ? ನನಗೂ ಅದು ಹೇಳೂ ಮಾತು ಅಂತ ಗೊತ್ತಿರಲಿಲ್ಲ."

ಹೊರಗೆ ಅಹಮದನಗರದ ರಸ್ತೆಯಲ್ಲಿ ಈರುಳ್ಳಿ ಲಾರಿಗಳು ಹೋಗುತ್ತಿದ್ದವು. ಅಂದು ಆಕೆಗೆ ಒಂದು ಫೋನ್ ಮಾಡಿದ್ದರೆ ಬಂಡೆಯ ಬಳಿಯ ಆ ಬೆಳಗು ಬೇರೆಯಾಗುತ್ತಿತ್ತೋ ಏನೋ. ಆಕೆಯೇ ಎದ್ದು, ಆರಿಹೋದ ಕಪ್ಪನ್ನು ಕಾಕಾನ ಕೈಯಿಂದ ತೆಗೆದುಕೊಂಡು ಬಿಸಿ ಚಹಾ ತಂದರು. "ಮನಸ್ಸಿಗೆ ಹಚ್ಕೋಬ್ಯಾಡರಿ ಭಾವೂ," ಎಂದರು. "ತಮಗ ಹೇಳದ ಹೋದವ್ರು ಅವರು. ನಾನೂ ಅವರ ಮ್ಯಾಲೆ ಭಾಳ ದಿನ ಸಿಟ್ಟಾಗಿದ್ದೆ."

ಹೊರಡುವಾಗ ಬಾಗಿಲಲ್ಲಿ ನಿಂತು, "ನಾ ಸಮುದ್ರ ನೋಡೇ ಇಲ್ಲರಿ. ಎಷ್ಟ ಮಂದಿ ಹೇಳ್ತಾರ, ನೋಡಿಲ್ಲ," ಎಂದರು.

ಸಂಕ್ರಾಂತಿ ಕಳೆದು ಅವರನ್ನು ಕರೆದುಕೊಂಡು ಹೋದೆವು. ಕಯಾಕ್‌ಗಳನ್ನು ಕಟ್ಟಿಕೊಂಡು ಹೋಗಲಿಲ್ಲ. ಕಾಕಾ ದೂರದಿಂದ ಬಂಡೆ ತೋರಿಸಿದರು, ಅದರ ಆಚೆ ಎಂದು ಕೈ ಮಾಡಿದರು. ಆಕೆ ಸೀರೆ ಎತ್ತಿ ಹಿಡಿದು, ಚಪ್ಪಲಿ ಬಿಚ್ಚದೆ, ನೇರ ನೀರಿಗೆ ನಡೆದರು. ಕಾಕು ಕೈ ಹಿಡಿಯಲು ಹೋದಾಗ ಬೇಡವೆಂದರು. ಅಳಲಿಲ್ಲ. "ಇಷ್ಟ ಬೆಚ್ಚಗಿರತದೇನು?" ಎಂದಷ್ಟೇ ಕೇಳಿದರು. ಅಷ್ಟರಲ್ಲಿ ಒಂದು ಅಲೆ ಬಂದು ಹೋಯಿತು, ಅವರ ಒಂದು ಚಪ್ಪಲಿಯೂ ಅದರೊಂದಿಗೆ ಹೋಯಿತು.

ಅಲೆ ಒಯ್ದದ್ದನ್ನು ಅಲೆಯೇ ತರುತ್ತದೆ ಎಂದು ನಾನು ದಂಡೆಯುದ್ದಕ್ಕೂ ಹುಡುಕಿಕೊಂಡು ಹೋದೆ. ಮುರುಕು ಬುಟ್ಟಿ, ಬಲೆಯ ಚೂರು, ಯಾರದೋ ಬಾಟಲಿ ಎಲ್ಲ ಬಂದು ಬಿದ್ದಿದ್ದವು. ಚಪ್ಪಲಿ ಮಾತ್ರ ಬರಲಿಲ್ಲ. ಬಿಸಿಲೇರಿದ ಮೇಲೆ ಹಿಂದಿರುಗಿದಾಗ ಆಕೆ ನನ್ನನ್ನು ನೋಡಿ, "ಇರ್ಲಿ ಬಿಡವಾ, ಒಯ್ಯಲಿ," ಎಂದು, ಉಳಿದೊಂದು ಚಪ್ಪಲಿಯಲ್ಲೇ ಮರಳಿನ ಮೇಲೆ ಕಾರಿನವರೆಗೆ ನಡೆದು ಬಂದರು.